ದೀಪಕ್ಕೆ ಬಾರದ ಹಾತೆ

ಕಾರವಾರದ ಕಾಲೇಜಿನಿಂದ ಬಂದ ಫ್ಲಾವಿಯಾ ಮೇಡಂ
ಮೂರು ರಾತ್ರಿ ಬಿಳಿ ಪಂಚೆ ಕಟ್ಟಿದರು
ಜಡ್ಡಿಯ ಅಂಚಿಗೆ, ಎರಡು ಮರಗಳ ನಡುವೆ.
ಹಿಂದೊಂದು ಬಲ್ಬು, ಬ್ಯಾಟರಿ, ಮಡಿಲಲ್ಲಿ ದಪ್ಪ ಪುಸ್ತಕ.
ಬಂದವು, ಬಂದವು: ಬೂದಿಯಂಥವು, ತೌಡಿನಂಥವು,
ಮೂಗುಬೊಟ್ಟಿನಷ್ಟು ಸಣ್ಣವು, ಅಂಗೈಯಷ್ಟು ದೊಡ್ಡವು,
ನನ್ನ ಖಾಕಿ ಅಂಗಿಯ ಕಾಲರಿನೊಳಗೂ ಎರಡು.
ಬರಬೇಕಾದ್ದು ಬರಲಿಲ್ಲ.

'ಅದು ದೀಪಕ್ಕೆ ಬರುವ ಜಾತಿಯಲ್ಲ, ನಾಯ್ಕರೆ'
ಅಂದರು ನಾಲ್ಕನೇ ಬೆಳಿಗ್ಗೆ, ಚಾ ಆರಿಸುತ್ತ.
'ಹುಳುವಿದ್ದಾಗ ರಾಮಪತ್ರೆಯ ಎಲೆಯೊಂದೇ ತಿನ್ನುತ್ತದೆ.
ಈ ಜಡ್ಡಿ ಬಿಟ್ಟು ಬೇರೆಲ್ಲೂ ಕಂಡಿಲ್ಲ.
ಕಂಡವರೂ ಇಬ್ಬರೇ. ಒಬ್ಬರು ತೀರಿಕೊಂಡರು.'

ನನಗೆ ನಗು ಬಂತು.
ಬಂಗಾರ್ಯ ಕನ್ನಾ ನಾಯ್ಕ, ಲೈನ್‌ಮನ್, ಇಪ್ಪತ್ತೆರಡು ವರ್ಷ
ಸಿದ್ದಾಪುರದ ಕಂಬ ಹತ್ತಿ ಇಳಿದವ,
ಊರಿಗೆ ದೀಪ ಕೊಟ್ಟು ಹೊಟ್ಟೆ ಹೊರೆದವ.
ದೀಪ ಬೇಡ ಅನ್ನುವ ಜೀವ ಇದೆ ಅಂತ
ಯಾವ ಎಂಜಿನಿಯರೂ ಹೇಳಿರಲಿಲ್ಲ.
ಮಾತಿಗೂ ಪದಕ್ಕೂ ನಮಗೆ ಸುಟ್ಟ ರೆಕ್ಕೆಯೇ ಬೇಕು.
ಸುಡದೆ ಉಳಿದದ್ದಕ್ಕೆ ಗಾದೆಯಿಲ್ಲ.

ಜಡ್ಡಿ ಅಂದರೆ ಕೆರೆಯಲ್ಲ, ಹೊಳೆಯಲ್ಲ, ಗದ್ದೆಯೂ ಅಲ್ಲ.
ಹೊರಟ ನೀರು ಎಲ್ಲಿಗೆಂದು ಮರೆತು ನಿಂತ ಜಾಗ.
ಕೆಸರಿನಿಂದ ಬೇರುಗಳು ಉಸಿರಿಗಾಗಿ ಮೇಲೆದ್ದು
ಮಂಡಿ ಮಡಿಸಿ ಕೂತಿವೆ, ಪಂಚಾಯ್ತಿಗೆ ಬಂದ ಮುದುಕರ ಹಾಗೆ.
ಒಂದು ಮಂಡಿಯ ಮೇಲೆ ಕಾಲಿಟ್ಟರೆ
ಇನ್ನೊಂದು ಮಂಡಿ ನೋಯುತ್ತದೆ. ನನ್ನದು.
ಅದರ ನೆತ್ತಿಯ ಮೇಲೆ ಹಾದಿದೆ ನಮ್ಮ ತಂತಿ:
ಹನ್ನೊಂದು ಸಾವಿರ ವೋಲ್ಟು,
ಆಚೆಗಿನ ಹನ್ನೊಂದು ಮನೆಗೆ.

ಮೇ ಕೊನೆ. ಲೈನ್ ಬಂದ್ ಮಾಡಿ ಕೊಂಬೆ ಸವರುವ ಕೆಲಸ.
ಏಣಿಯ ಬುಡ ಹಿಡಿದು ಹುಸೇನಿ ಬೀಡಿ ಹುಡುಕುತ್ತಿದ್ದ.
ತೊಗಟೆಯೆಂದು ಕೈಯಿಟ್ಟೆ.
ತೊಗಟೆ ಸರಿಯಿತು.
ಮೇಲಿನ ಕಂದು ರೆಕ್ಕೆ ಎರಡು ಬೆರಳು ತೆರೆಯಿತು, ಒಳಗೆ
ಕಾಯಿ ಒಡೆದರೆ ಬೀಜಕ್ಕೆ ಸುತ್ತಿದ ಪತ್ರೆ ಇರುತ್ತದಲ್ಲ,
ನಮ್ಮವ್ವ ಒಣಗಿಸಿ, ಶಿರಸಿ ಪೇಟೆಗೊಯ್ದು,
ತೂಗಿ ಮಾರಿ, ನನಗೊಂದು ಪಾಟಿ ತಂದದ್ದು,
ಅದೇ ಕೆಂಪು. ಅದೇ ಜಾಲರಿ.
ಮರ ತನ್ನ ಕಾಯೊಳಗಿನ ಗುಟ್ಟು
ಎಲೆಯಲ್ಲೇ ಉಣಿಸಿತ್ತೇನೊ.

ಫೋನ್ ಮಾಡಿದೆ. ಫೋಟೋ ಇದೆಯಾ ಅಂದರು ಮೇಡಂ.
ಒಂದು ಕೈ ಕೊಂಬೆಗೆ, ಒಂದು ಕೈ ಕತ್ತಿಗೆ,
ಮೂರನೆಯದು ಇರಲಿಲ್ಲ.
'ಹಾಗಾದರೆ ಬರೆದುಕೊಳ್ಳಲಿಕ್ಕೆ ಬರುವುದಿಲ್ಲ' ಅಂದರು.
ಆದರೂ ಬಹಳ ಹೊತ್ತು ಫೋನ್ ಇಡಲಿಲ್ಲ.
ಅದಕ್ಕೆ ಬಾಯಿಲ್ಲವಂತೆ. ಹುಳುವಾಗಿ ಉಂಡದ್ದೇ ಊಟ.
ರೆಕ್ಕೆ ಬಂದ ಮೇಲೆ ಆರೇಳು ರಾತ್ರಿ, ಬರೀ ಹುಡುಕಾಟ,
ಕತ್ತಲಲ್ಲಿ ವಾಸನೆಯ ಎಳೆಯೊಂದನ್ನು ಹಿಡಿದು.
ಹಾಗಾಗಿ ಪುಸ್ತಕದಲ್ಲಿ ಕಂಡವರು ಇನ್ನೂ ಇಬ್ಬರೇ.

ಆ ಕೊಂಬೆ ಕಡಿಯಲಿಲ್ಲ.

ಜೂನಿನ ಗಾಳಿಗೆ ಅದು ತಂತಿಗೆ ತಾಗಿತು, ತಾಗಲೇಬೇಕಲ್ಲ.
ಹನ್ನೊಂದು ಮನೆ ಕತ್ತಲು. ನೇತ್ರಾವತಿ ಟೀಚರ ಫೋನು,
'ಪೇಪರ್ ತಿದ್ದುವುದಿದೆ ಮಾರಾಯ, ಎಲ್ಲಿ ಸತ್ತಿದ್ದೀ?'
ಮೇಲಿನವರ ಫೋನು. ಹೋದೆ. ಬಿಡಿಸಿದೆ. ಸವರಿದೆ,
ಬೇಕಾದಷ್ಟೇ, ಒಂದು ಗೇಣು.
ಸ್ವಿಚ್ಚಿನ ಹಿಡಿಕೆಗೆ ಕೈಯಿಟ್ಟು,
ಟಾರ್ಚು ಆರಿಸಿ ನಿಂತೆ.

ಏನೂ ಕಾಣಲಿಲ್ಲ.
ಕಪ್ಪೆ ಕೂಗಿತು, ನೀರು ಎಲ್ಲೋ ಮಂಡಿ ಬದಲಿಸಿತು,
ಕಿವಿಯ ಹತ್ತಿರ ಗಾಳಿಯಲ್ಲದ ಗಾಳಿಯೊಂದು ಹಾಯಿತು
ಅಥವಾ ಹಾಯಲಿಲ್ಲ.
ಹನ್ನೊಂದು ಮನೆಯಿಂದ ಹತ್ತು ನಿಮಿಷ ಕದ್ದೆ.
ಟೀಚರಿಗೆ ಇವತ್ತಿನವರೆಗೂ ಹೇಳಿಲ್ಲ.

ಆಫೀಸಿನ ರಿಜಿಸ್ಟರಿನಲ್ಲಿ ಬರೆದೆ:
ಹೋದದ್ದು ಒಂಬತ್ತು ನಲವತ್ತು. ಬಂದದ್ದು ಹನ್ನೊಂದು.
ಕಾರಣ: ಕೊಂಬೆ.
ಕಾರಣದ ಕಾಲಂ ಸಣ್ಣದು,
ಅಲ್ಲಿ ಅಷ್ಟೇ ಹಿಡಿಯುತ್ತದೆ.